ಕ್ಷಮಿಸದೆ ಹೋದವರು

ಹೋದ ತಿಂಗಳು ಬನಶಂಕರಿಯ ಒಂದು ಛತ್ರದಲ್ಲಿ ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಯಲ್ಲಿ ನಾನು ಮೊದಲು ಕೆಲಸಕ್ಕಿದ್ದ ಗೋಡಂಬಿ ಕಂಪನಿಯ ಯಜಮಾನರು. ವಯಸ್ಸಾಗಿದೆ, ಆದರೆ ಬಿಳಿ ಸಫಾರಿಯ ಇಸ್ತ್ರಿ ಮಾತ್ರ ಮೊದಲಿನ ಹಾಗೇ ಇದೆ. "ವಿಷಯ ಗೊತ್ತಾಯ್ತೇನಮ್ಮಾ? ನಮ್ಮ ಆಫ್ರಿಕಾ ಮೇಡಂ ಹೋಗ್ಬಿಟ್ರಂತೆ," ಎಂದರು. ಗೊತ್ತಿತ್ತು. ಮೇಡಂ ತಂಗಿಯ ಮಗಳು ನನಗೆ ಫೋನ್ ಮಾಡಿ ಅತ್ತಿದ್ದಳು. ಯಜಮಾನರು ಕರ್ಚೀಫಿನಲ್ಲಿ ಬೆರಳು ಒರೆಸಿಕೊಳ್ಳುತ್ತ, "ದೊಡ್ಡ ಮನಸ್ಸು ಕಣಮ್ಮಾ ಅವರದು. ಹಳೇದೆಲ್ಲ ಮರೆತು ನಮ್ಮನ್ನ ಕ್ಷಮಿಸಿಬಿಟ್ಟಿದ್ರು," ಎಂದು ನಿಟ್ಟುಸಿರು ಬಿಟ್ಟು ಐಸ್‌ಕ್ರೀಮಿನ ಸಾಲಿಗೆ ಹೋಗಿ ನಿಂತರು.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರ ಬಾಯಿಗೆ ಕ್ಷಮೆ ತುರುಕುವುದು ಎಷ್ಟು ಸಲೀಸು ನೋಡಿ. ಎದ್ದು ಬಂದು ಇಲ್ಲ ಎನ್ನುವವರು ಯಾರೂ ಇರುವುದಿಲ್ಲ. ಮೇಡಂ ಯಾರನ್ನೂ ಕ್ಷಮಿಸಲಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು, ಕಂಡು ಖುಷಿಪಟ್ಟವಳೂ ನಾನೇ. ಅವರ ಪರವಾಗಿ ಹೇಳಲು ಈ ಊರಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು, ಇಲ್ಲೂ ಹಾಗೇ ಇರಲಿ. ದೇಶದ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಗೇರುಬೀಜದ ವ್ಯಾಪಾರದಲ್ಲಿರುವವರಿಗೆಲ್ಲ ಯಾರೆಂದು ತಿಳಿದುಬಿಡುತ್ತದೆ. ಆಫ್ರಿಕದ ಕರಾವಳಿಯ ಒಂದು ದೇಶ ಎಂದಿಟ್ಟುಕೊಳ್ಳಿ. ಅಲ್ಲಿ ಬೆಳೆದ ಗೇರುಬೀಜ ಸಿಪ್ಪೆ ಸಮೇತ ಹಡಗು ಹತ್ತಿ ಇಲ್ಲಿಗೆ ಬರುತ್ತದೆ. ನಾವು ಅದನ್ನು ಬೇಯಿಸಿ, ಒಡೆದು, ಸುಲಿದು, ಗೋಡಂಬಿ ಮಾಡಿ ತಿನ್ನುತ್ತೇವೆ, ಮಿಕ್ಕದ್ದನ್ನು ಹೊರದೇಶಕ್ಕೂ ಮಾರುತ್ತೇವೆ. ಪಾಯಸದಲ್ಲಿ ತೇಲುವ ಗೋಡಂಬಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಆ ಕಂಪನಿಗೆ ಸೇರುವ ತನಕ ನಾನೂ ಕೇಳಿರಲಿಲ್ಲ.

ಕಂಪನಿಯ ಆಫೀಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿತ್ತು. ಗೋದಾಮು, ಬೀಜ ಒಡೆಯುವ ಕಾರ್ಖಾನೆ ಉತ್ತರಹಳ್ಳಿಯ ಆಚೆ. ನಾನು ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಮಾಲು ಇಲ್ಲಿ ಬಂದಿಳಿದ ಮೇಲೆ ಪರೀಕ್ಷೆ ಮಾಡಿ ಕೊನೆಯ ಬೆಲೆ ಕಟ್ಟುವುದು ಆ ವ್ಯಾಪಾರದ ಪದ್ಧತಿ. ಕೆಲವು ಚೀಲ ಆರಿಸಿ, ಬಾಯಿ ಬಿಚ್ಚಿ, ಒಂದಿಷ್ಟು ಬೀಜ ತೆಗೆದು ಒಂದೊಂದನ್ನೇ ಎರಡು ಹೋಳು ಮಾಡಿ ಒಳಗಿನ ತಿರುಳು ಬೆಳ್ಳಗಿದೆಯೋ, ಕಲೆ ಬಿದ್ದಿದೆಯೋ, ಮುರುಟಿದೆಯೋ ನೋಡುತ್ತಾರೆ. ಇದಕ್ಕೆ ಕಟಿಂಗ್ ಟೆಸ್ಟ್ ಎನ್ನುತ್ತಾರೆ. ಆಗ ಮಾರುವವರ ಕಡೆಯವರೊಬ್ಬರು ಎದುರಿಗಿರಬೇಕು. ಅಲ್ಲಿನ ಬೆಳೆಗಾರರ ಸಂಘ ಆ ಕೆಲಸಕ್ಕೆ ಕಳಿಸಿದ್ದು ಮೇಡಂ ಅವರನ್ನು.

ಜಯನಗರದಲ್ಲಿ ಅವರಿಗೆ ಒಬ್ಬರೂ ಮನೆ ಕೊಡಲಿಲ್ಲ. ಗೇಟಿಗೆ 'ಟು ಲೆಟ್' ಬೋರ್ಡು ನೇತುಹಾಕಿದವರೂ ಇವರನ್ನು ಕಂಡ ತಕ್ಷಣ "ಬುಕ್ ಆಗೋಯ್ತು ಮೇಡಂ" ಎನ್ನುತ್ತಿದ್ದರು. ಕೊನೆಗೆ ಶ್ರೀನಗರದ ನಮ್ಮ ಮನೆಯ ಮಹಡಿ ಕೋಣೆಗೆ ನಾನೇ ಕರೆತಂದೆ. ನಮ್ಮತ್ತೆ ಮೆಟ್ಟಿಲ ಬಳಿ ನಿಂತು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ, "ಏನ್ ತಿಂತಾರಂತೆ ಕೇಳು," ಎಂದರು. ಮೇಡಂಗೆ ಮುಖ ನೋಡಿಯೇ ಅರ್ಥವಾಯಿತು. "ಬಾಡಿಗೆಗೆ ಮನೆ ಕೊಡೋ ಅತ್ತೆಯರನ್ನ ಮಾತ್ರ ತಿನ್ನೋದಿಲ್ಲ ಅಂತ ಹೇಳು," ಎಂದು ಇಂಗ್ಲಿಷಿನಲ್ಲಿ ಅಂದರು. ನಾನು ಹಾಗೇ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಬೀಗದ ಕೈ ಕೊಟ್ಟುಬಿಟ್ಟರು.

ಅವರ ಮಾತೆಲ್ಲ ಇಂಗ್ಲಿಷ್, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಒಂದಿಷ್ಟು ಕನ್ನಡವನ್ನೂ ಕಲಿತರು. ಎಲ್ಲ ಶ್ರೀನಗರದ ತರಕಾರಿ ಗಾಡಿಗಳ ಬಳಿ ಕಲಿತದ್ದು. "ಏನ್ ಗುರು, ಟೊಮೆಟೊ ಕೊಳ್ತೋಗಿದೆ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಗಾಡಿಯವರು ನಗುತ್ತ ಎರಡು ಹೆಚ್ಚಿಗೆ ಹಾಕುತ್ತಿದ್ದರು. ಎತ್ತರದ ಹೆಂಗಸು, ನಡಿಗೆ ಜೋರು, ನಕ್ಕರೆ ಸದ್ದೇ ಇಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

ಒಂದು ವಿಚಿತ್ರ ಅಭ್ಯಾಸವಿತ್ತು. ಆಫೀಸಿಗೆ ಬೆಳಗ್ಗೆ ತರಿಸುತ್ತಿದ್ದ ಖಾರಾಬಾತು, ಕೇಸರಿಬಾತಿನಲ್ಲಿರುವ ಗೋಡಂಬಿಯನ್ನೆಲ್ಲ ಚಮಚದಲ್ಲಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟುಬಿಡುತ್ತಿದ್ದರು. ಸೇರುವುದಿಲ್ಲವೇನೋ ಎಂದುಕೊಂಡಿದ್ದೆ. ಒಮ್ಮೆ ಕೇಳಿದಾಗ ಹೇಳಿದರು. ಅವರ ಊರಿನಲ್ಲಿ ಬೀಜ ಆಯ್ದು ಒಣಗಿಸುವ ಹೆಂಗಸರು ಅದರ ತಿರುಳಿನ ರುಚಿ ನೋಡುವುದೇ ಅಪರೂಪ. ರಾಜಧಾನಿಯ ದೊಡ್ಡ ಅಂಗಡಿಯಲ್ಲಿ ಹುರಿದ ಗೋಡಂಬಿ ಸಿಗುತ್ತದೆ, ಆದರೆ ಆ ಪೊಟ್ಟಣದ ಮೇಲೆ ಇರುವುದು ನಮ್ಮ ಯಜಮಾನರ ಕಂಪನಿಯ ಹೆಸರು. "ನಮ್ಮ ಬೀಜ ವಿದೇಶ ಸುತ್ತಿಕೊಂಡು ನಮ್ಮೂರಿಗೇ ವಾಪಸು ಬರುತ್ತೆ. ಅಷ್ಟು ಹೊತ್ತಿಗೆ ಅದು ನಮ್ಮ ಕೈಗೆಟುಕೋದಿಲ್ಲ," ಎಂದರು.

ನಾನು ಸಮಾಧಾನ ಹೇಳುವವಳಂತೆ, "ನಮ್ಮನ್ನೂ ಬ್ರಿಟಿಷರು ಹೀಗೇ ಸುಲಿದ್ರು ಮೇಡಂ. ನೀವೂ ನಾವೂ ಒಂದೇ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ನಿನ್ನ ಯಜಮಾನರೂ ಹಾಗೇ ಅಂತಾರೆ, ಕೈ ಕುಲುಕುವಾಗ. ತೂಕ ಹಾಕುವಾಗ ಅನ್ನೋದಿಲ್ಲ. ಬಾವುಟ ನಮ್ಮದಾಗಿ ಎಷ್ಟೋ ಕಾಲ ಆಯ್ತು, ತಕ್ಕಡಿ ಇನ್ನೂ ಹೊರಗಿನವರ ಕೈಯಲ್ಲೇ ಇದೆ." ಹೊರಗಿನವರು ಎಂದರೆ ಬಿಳಿಯರು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಜಯನಗರದಲ್ಲಿ ಕೂತು ಫಿಲ್ಟರ್ ಕಾಫಿ ಕುಡಿಯುವ ನಾನೂ ಒಬ್ಬರಿಗೆ ಪರದೇಶದವಳು, ಅದೂ ತಕ್ಕಡಿ ಹಿಡಿದ ಕಡೆಯವಳು ಎಂದು ಯಾರೂ ಹೇಳಿರಲಿಲ್ಲ.

ಯಜಮಾನರು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಒಂದು ಪಾಠ ಹೇಳುತ್ತಿದ್ದರು: "ಮಾರೋನ ಮುಂದೆ ಮಾಲನ್ನ ಹೊಗಳಬೇಡಿ. ಬಾಯಿ ತಪ್ಪಿಯೂ ಹೊಗಳಬೇಡಿ." ಅವರು ಅದರಲ್ಲಿ ಪಳಗಿದ ಕೈ. ಮೇಡಂ ಎದುರಿಗೆ ಪರೀಕ್ಷೆ ಮಾಡುವಾಗ ನಮ್ಮ ಮ್ಯಾನೇಜರು ಬೇಕೆಂದೇ ಕಂಟೇನರಿನ ಬಾಗಿಲ ಬಳಿಯ ಚೀಲಗಳನ್ನು ಆರಿಸುತ್ತಿದ್ದರು. ಸಮುದ್ರದ ಮೇಲೆ ಬರುವಾಗ ತೇವ ಹಿಡಿಯುವುದು ಆ ಚೀಲಗಳಿಗೇ. ಕತ್ತರಿಸಿದರೆ ಒಳಗೆ ಕಪ್ಪು. ಯಜಮಾನರು ಆ ಹೋಳುಗಳನ್ನು ಅಂಗೈ ಮೇಲಿಟ್ಟುಕೊಂಡು "ಛೆ ಛೆ" ಎಂದು ಲೊಚಗುಟ್ಟುತ್ತಿದ್ದರು. ಒಂದು ಸಾವು ನೋಡಿ ಬಂದವರ ಮುಖ ಮಾಡಿಕೊಂಡು ಬೆಲೆ ಇಳಿಸುತ್ತಿದ್ದರು.

ಮೊದಲ ಸಲವೇ ಮೇಡಂ, "ಮಧ್ಯದ ಚೀಲ ತೆಗೆಯಿರಿ," ಎಂದು ಹಟ ಹಿಡಿದರು. ಯಜಮಾನರು ನಕ್ಕರು. "ಬೆಲೆ ಒಪ್ಪಿಗೆ ಇಲ್ಲಾಂದ್ರೆ ಮಾಲು ವಾಪಸ್ ತಗೊಂಡ್ಹೋಗಿ ಮೇಡಂ. ಹಡಗು ಕರೆಸ್ಲಾ?" ಬೆಳೆಗಾರರಿಗೆ ಹಡಗೆಲ್ಲಿಂದ ಬರಬೇಕು? ನಾನು ತಡೆಯಲಾರದೆ, "ಸಾರ್, ಮಧ್ಯದ್ದೂ ಒಂದೆರಡು ನೋಡಬಹುದಲ್ವಾ?" ಎಂದೆ. ಮಾರನೆಯ ಬೆಳಗ್ಗೆ ಬಂದು ನೋಡಿದರೆ ನನ್ನ ಮೇಜು ಟಾಯ್ಲೆಟ್ ಬಾಗಿಲ ಪಕ್ಕಕ್ಕೆ ಹೋಗಿತ್ತು. ಅಲ್ಲೇ ನಾನು ಉಳಿದ ವರ್ಷಗಳನ್ನೆಲ್ಲ ಕಳೆದದ್ದು. ಆದ್ದರಿಂದ ಈ ಬರಹದಲ್ಲಿ ನನ್ನ ಸ್ವಂತ ಸೇಡೂ ಒಂದು ಚಿಟಿಕೆ ಇದೆ, ಮುಚ್ಚುಮರೆ ಬೇಡ.

ಸಂಘಕ್ಕೆ ಯಜಮಾನರು ಬರೆದು ಕಳಿಸಿದ್ದು ಇಷ್ಟೇ: ಬೀಜ ಕೆಟ್ಟಿದೆ, ಪರೀಕ್ಷೆ ನಿಮ್ಮ ಪ್ರತಿನಿಧಿಯ ಎದುರಿನಲ್ಲೇ ನಡೆದಿದೆ. ಅದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ಮೇಡಂ ಎದುರಿಗೇ ಇದ್ದರು. ಹೀಗೆ ಪ್ರತಿ ಸುಗ್ಗಿಯಲ್ಲೂ ನಡೆಯಿತು. ಬಾಗಿಲ ಬಳಿಯ ಚೀಲಗಳ ಆಟವನ್ನು ಮೇಡಂ ಬರೆದು ತಿಳಿಸಿದರೂ ಯಾರೂ ನಂಬಲಿಲ್ಲ. ಊರಿನಲ್ಲಿ ಜನ ಮಾತಾಡತೊಡಗಿದರು. ನಮ್ಮ ಬೀಜ ಹಡಗು ಹತ್ತುವಾಗ ಚೆನ್ನಾಗಿತ್ತು, ಅಲ್ಲಿಗೆ ಹೋಗಿ ಕೆಟ್ಟಿತು ಎಂದರೆ ಇವಳು ಅವರ ಕೈಯಿಂದ ದುಡ್ಡು ತಿಂದಿದ್ದಾಳೆ ಎಂದು. ತುಂಬಿದ ಸಭೆಯಲ್ಲಿ ಎದ್ದು ನಿಂತು ಮೊದಲು ಹಾಗೆ ಹೇಳಿದವರು ಸಂಘದ ಹಿರಿಯರಾಗಿದ್ದ ಅವರ ಸೋದರಮಾವನೇ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ್ದಾಳೆ ಎಂದೂ ಸುದ್ದಿಯಾಯಿತು. ಮನೆ ಅಂದರೆ ನಮ್ಮ ಮಹಡಿಯ ಶೀಟು ಹೊದಿಸಿದ ಕೋಣೆ. ಅವರ ತಾಯಿ ಸಂತೆಯಲ್ಲಿ ಮೀನು ಮಾರುತ್ತಿದ್ದರು. ಅವರ ಬುಟ್ಟಿಯ ಮುಂದೆ ಜನ ನಿಲ್ಲುವುದನ್ನೇ ಬಿಟ್ಟರು.

ಒಂದು ಸಂಜೆ ಅತ್ತೆ ಒಣಹಾಕಿದ್ದ ಸಂಡಿಗೆ ತೆಗೆಯಲು ಮಹಡಿಗೆ ಹೋದೆ. ಮೇಡಂ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದರು, ಫೋನು ನೆಲದ ಮೇಲಿತ್ತು. "ಅಮ್ಮ ಫೋನ್ ಮಾಡಿದ್ದರು," ಎಂದರು. "ತಗೊಂಡೆಯಾ ಅಂತ ಕೇಳಿದರು." ಫೋನನ್ನು ಮಗುಚಿ ಇಟ್ಟು, "ಊರೆಲ್ಲ ಅನ್ನಲಿ. ಅಮ್ಮನೂ ಕೇಳಿಬಿಟ್ಟರು," ಎಂದರು. ಇಲ್ಲ ಎಂದು ಹೇಳಿದಿರಾ ಎಂದೆ. ಹೇಳಿದ್ದರು. ತಾಯಿ "ಹೂಂ" ಎಂದರಂತೆ. ಆ "ಹೂಂ" ನಂಬಿದವರದೋ ನಂಬದವರದೋ ತಿಳಿಯದೆ ಕೂತಿದ್ದರು.

ಇಬ್ಬರೂ ಕೆಳಗೆ ಬಂದಾಗ ಅತ್ತೆಗೆ ವಿಷಯ ತಿಳಿದು ಕಣ್ಣು ತುಂಬಿತು. "ಹೋಗ್ಲಿ ಬಿಡಮ್ಮಾ, ಮನಸ್ಸಿಗೆ ಹಚ್ಕೋಬೇಡ, ಮರೆತುಬಿಡು," ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ತೋರಿಸಿದರು. "ಇವರು ಮಾವಿನಕಾಯಿ ಇಡ್ತಾರಲ್ಲ, ಹಾಗೆ ಇದನ್ನ ಕೆಡದಂತೆ ಇಡ್ತೀನಿ ಅಂತ ಹೇಳು. ಒದ್ದೆ ಕೈ ತಾಗಿಸೋದಿಲ್ಲ." ಅತ್ತೆಗೆ ಈ ಮಾತು ಬಹಳ ಹಿಡಿಸಿತು. ಕ್ಷಮೆಯ ಬಗ್ಗೆ ಅವರು ಮತ್ತೆ ಯಾವತ್ತೂ ಉಪದೇಶ ಮಾಡಲಿಲ್ಲ.

ಊರಿಗೆ ಮರಳುವ ಮೊದಲು ಮೇಡಂ ಯಜಮಾನರ ಬಳಿ ಒಂದೇ ಒಂದು ಕೇಳಿದರು. ಕಾರ್ಖಾನೆಯಲ್ಲಿ ಕೆಲವು ವಾರ ಕೂತು ಕೆಲಸ ನೋಡಬಹುದೇ ಎಂದು. "ನೋಡ್ಲಿ ಬಿಡ್ರಿ, ನೋಡ್ಕೊಂಡು ಹೋಗಿ ಅಲ್ಲೇನ್ ಕಡಿದು ಕಟ್ಟೆ ಹಾಕ್ತಾರೆ," ಎಂದು ಯಜಮಾನರು ಮ್ಯಾನೇಜರಿಗೆ ಹೇಳಿ ನಕ್ಕರು. ಮೇಡಂ ದಿನಾ ಉತ್ತರಹಳ್ಳಿ ಬಸ್ಸು ಹತ್ತಿದರು. ಬೀಜವನ್ನು ಎಷ್ಟು ಬೇಯಿಸಬೇಕು, ತಿರುಳು ಮುರಿಯದಂತೆ ಹೇಗೆ ಒಡೆಯಬೇಕು, ಒಳಸಿಪ್ಪೆ ಹೇಗೆ ಬಿಡಿಸಬೇಕು, ಎಲ್ಲವನ್ನೂ ಅಲ್ಲಿನ ಹೆಂಗಸರ ಪಕ್ಕದಲ್ಲಿ ಕೂತು ಕಲಿತರು. ಸಿಪ್ಪೆಯ ಎಣ್ಣೆ ತಾಗಿ ಅಂಗೈ ಸುಟ್ಟು ಚರ್ಮ ಸುಲಿದು ಬಂದಿತ್ತು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು.

ಆಮೇಲೆ ವರ್ಷಗಳು ಕಳೆದವು. ಸಂಘ ಅವರನ್ನು ಹೊರಗೆ ಹಾಕಿತ್ತು. ಅವರು ಒಂದಷ್ಟು ಹೆಂಗಸರನ್ನು ಸೇರಿಸಿಕೊಂಡು ಹಿತ್ತಲಲ್ಲಿ ಬೀಜ ಒಡೆಯತೊಡಗಿದ ಸುದ್ದಿಯನ್ನು ಅವರೇ ಆಗಾಗ ನನಗೆ ಕಳಿಸುತ್ತಿದ್ದರು. ಅಷ್ಟರಲ್ಲಿ ಆ ಖಂಡದಲ್ಲಿ ಗಾಳಿಯೇ ತಿರುಗಿತ್ತು. ಒಂದು ದೇಶ ಹೊರಗಿನ ಸೈನ್ಯವನ್ನು ಮನೆಗೆ ಹೋಗಿ ಎಂದಿತು, ಇನ್ನೊಂದು ನಮ್ಮ ಅದಿರನ್ನು ಹಾಗೇ ಹಸಿಯಾಗಿ ಕೊಡುವುದಿಲ್ಲ ಎಂದಿತು. ಮೇಡಂ ದೇಶದಲ್ಲೂ ಹುಡುಗ ಹುಡುಗಿಯರು ಬೀದಿಗಿಳಿದರು. ಹೊಸದಾಗಿ ಬಂದ ಸರ್ಕಾರ ಗೇರುಬೀಜ ಸಿಪ್ಪೆ ಸಮೇತ ಹಡಗು ಹತ್ತಕೂಡದು, ಒಡೆಯುವುದಿದ್ದರೆ ಇಲ್ಲೇ ಬಂದು ಒಡೆಯಿರಿ ಎಂದು ಕಾನೂನು ಮಾಡಿತು. ಆಫೀಸಿನ ಟಿವಿಯಲ್ಲಿ ಅದನ್ನು ನೋಡಿದ ಯಜಮಾನರು, "ತಲೆ ಕೆಟ್ಟಿದೆ ಇವರಿಗೆ. ನಾವಿಲ್ದೆ ಹೊಟ್ಟೆಗೇನ್ ತಿಂತಾರೆ?" ಎಂದು ಕೂಗಾಡಿದರು. ನಾನು ಟಾಯ್ಲೆಟ್ ಪಕ್ಕದ ನನ್ನ ಮೇಜಿನಲ್ಲಿ ಕೂತು ಹಬ್ಬ ಮಾಡಿದೆ. ಉತ್ತರಹಳ್ಳಿಯ ಹೆಂಗಸರ ಗತಿ ಏನು ಎಂಬ ಚಿಂತೆ ನನಗೂ ಇತ್ತು, ಮೇಡಂಗೆ ಬರೆದು ಕೇಳಿದ್ದೆ ಕೂಡ. "ಅವರಿಗಾಗಿ ನಾನು ಅಳ್ತೀನಿ. ಆದರೆ ನಮ್ಮ ಹೆಂಗಸರ ಕೂಲಿಯನ್ನ ನಿಮ್ಮಲ್ಲಿ ಬಿಟ್ಟು ಅಳೋದಿಲ್ಲ," ಎಂದು ಬರೆದರು.

ಹಳೆಯ ಗುಮಾನಿ ಹೋಗಿರದಿದ್ದರೂ, ಬೀಜ ಒಡೆಯುವ ಕೆಲಸ ಬಲ್ಲವರು ಅಲ್ಲಿ ಬೇರೆ ಇಲ್ಲದ್ದರಿಂದ ಬೆಳೆಗಾರರ ಹೊಸ ಮಂಡಳಿಗೆ ಮೇಡಂ ಅಧ್ಯಕ್ಷರಾದರು ಎಂದು ತಿಳಿದ ದಿನ ಯಜಮಾನರ ರಾಗವೇ ಬದಲಾಯಿತು. ಅಲ್ಲಿ ಕಾರ್ಖಾನೆ ಹಾಕಲು ಹೊರದೇಶದ ಕಂಪನಿಗೆ ಸಣ್ಣ ಪಾಲು ಕೊಡಬಹುದಂತೆ, ಯಾರಿಗೆಂದು ತೀರ್ಮಾನಿಸುವುದು ಆ ಮಂಡಳಿಯಂತೆ. "ನಮ್ಮ ಮೇಡಂ ಅಲ್ವಾ! ನಿಮ್ಮ ಮನೇಲೇ ಇದ್ರಲ್ಲಮ್ಮಾ!" ಎಂದು ನನ್ನ ಮೇಜಿನ ತನಕ ನಡೆದು ಬಂದರು. ಆ ಪಾಲು ಸಿಗದಿದ್ದರೆ ಕಂಪನಿಗೆ ಬೀಜವೇ ಇಲ್ಲ. ಮೇಡಂ ಬರಲು ಒಪ್ಪಿದರು, ಜೊತೆಗೆ ಮಂಡಳಿಯ ಮೂವರು ಹಿರಿಯರು. ಅವರಲ್ಲೊಬ್ಬರು ಆ ಸೋದರಮಾವ.

ಯಜಮಾನರು ಉತ್ತರಹಳ್ಳಿ ಗೋದಾಮಿಗೆ ಸುಣ್ಣ ಬಳಿಸಿ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತರಿಸಿದ್ದರು. ಮೇಡಂ ಪೇಟವನ್ನು ತಲೆಗೆ ಇಡಗೊಡದೆ ಕೈಯಲ್ಲಿ ಇಸಿದುಕೊಂಡು ಮೇಜಿನ ಮೇಲಿಟ್ಟರು. "ಮಾತಿಗೆ ಮುಂಚೆ ಒಂದು ಪರೀಕ್ಷೆ ಆಗಲಿ. ಇಲ್ಲಿ ಅದು ಹೇಗೆ ನಡೆಯುತ್ತೆ ಅಂತ ನಮ್ಮ ಹಿರಿಯರು ಯಾವತ್ತೂ ನೋಡಿಲ್ಲ," ಎಂದರು. ಕಾನೂನು ಬರುವ ಮೊದಲು ಹೊರಟಿದ್ದ ಅವರ ದೇಶದ ಕೊನೆಯ ಮಾಲು ಅಲ್ಲೇ ಇತ್ತು. ಹಿರಿಯರು ಅಟ್ಟಿಯ ನಡುವಿನಿಂದ ತಾವೇ ಚೀಲ ಎಳೆಸಿದರು. ಯಜಮಾನರು ಉತ್ಸಾಹದಿಂದ ಸಫಾರಿಯ ತೋಳು ಮಡಿಸಿ ಕತ್ತರಿಸಲು ತಾವೇ ಕೂತುಬಿಟ್ಟರು.

ಒಂದೊಂದು ಹೋಳೂ ಹಾಲಿನಂತೆ ಬೆಳ್ಳಗೆ. "ಆಹಾ! ಬಂಗಾರ ಮೇಡಂ, ಬಂಗಾರ!" ಎಂದರು ಯಜಮಾನರು. ಹಿಂದೆ ನಿಂತಿದ್ದ ಮ್ಯಾನೇಜರು ಕೆಮ್ಮಿದರು. ಪಾಲು ಕೇಳಲು ಕೂತವರಿಗೆ ಕೆಮ್ಮು ಕೇಳಿಸುತ್ತದೆಯೇ? "ಇವತ್ತು ಅಂತಲ್ಲ, ಮೊದಲಿಂದಲೂ ನಿಮ್ಮ ಬೀಜ ಹೀಗೇ. ಇದಕ್ಕಿಂತ ಒಳ್ಳೇ ಮಾಲು ನಾನು ಕಂಡೇ ಇಲ್ಲ."

"ಮೊದಲಿಂದಲೂ?" ಎಂದರು ಮೇಡಂ.

"ಮೊದಲಿಂದಲೂ."

"ನಾನು ಇಲ್ಲಿದ್ದಾಗಲೂ?"

ಮ್ಯಾನೇಜರು ಇನ್ನೊಮ್ಮೆ ಕೆಮ್ಮಿದರು. "ಅಯ್ಯೋ, ಆಗಂತೂ ಇನ್ನೂ ಚೆನ್ನಾಗಿತ್ತು ಮೇಡಂ!"

ಮೇಡಂ ಹಿರಿಯರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಅದನ್ನು ಹೇಳಿದರು. ಅವಸರವಿಲ್ಲದೆ, ಒಂದೊಂದೇ ಮಾತಾಗಿ. ಇಬ್ಬರು ಹಿರಿಯರು ನೆಲ ನೋಡಿದರು. ಸೋದರಮಾವ ಟೋಪಿ ತೆಗೆದು, ಎದ್ದು ಬಂದು, ಸೋದರಸೊಸೆಯ ಕೈ ಹಿಡಿಯಲು ಹೋದರು. ಮೇಡಂ ಬ್ಯಾಗಿನಿಂದ ಫೋನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಚಾಚಿದ ಕೈ ಹಾಗೇ ಉಳಿಯಿತು. ನನಗೆ ಆ ಮುದುಕನ ಮೇಲೆ ಕನಿಕರ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ.

"ನಮ್ಮಮ್ಮನಿಗೂ ಒಂದು ಸಲ ಹೇಳಿಬಿಡಿ ಸಾರ್," ಎಂದು ವೀಡಿಯೊ ಕಾಲ್ ಮಾಡಿ ಫೋನನ್ನು ಯಜಮಾನರ ಮುಖಕ್ಕೆ ಹಿಡಿದರು. ತಲೆಗೆ ಬಟ್ಟೆ ಸುತ್ತಿದ ಹಣ್ಣು ಹಣ್ಣು ಮುದುಕಿ. ಯಜಮಾನರು ಕೂದಲು ಸವರಿಕೊಂಡು, ಕೈ ಮುಗಿದು, ಬಂಗಾರದ ಮಾತನ್ನು ಮತ್ತೊಮ್ಮೆ ಪೂರ್ತಿ ಹೇಳಿದರು. ಮೊದಲಿಂದಲೂ ಎಂಬುದನ್ನೂ ಬಿಡಲಿಲ್ಲ. ಮಗಳು ಅದನ್ನು ತಾಯಿಗೆ ತಿಳಿಸಿದರು. ಆ ಮುದುಕಿ ಬಹಳ ಹೊತ್ತು ಪರದೆಯೊಳಗಿನಿಂದ ಯಜಮಾನರನ್ನೇ ನೋಡಿ ಏನೋ ಕೇಳಿದರು.

"ಹಾಗಾದರೆ ಕೆಟ್ಟಿದೆ ಅಂತ ಯಾಕೆ ಬರೆದ್ರಿ ಅಂತ ಕೇಳ್ತಿದಾರೆ," ಎಂದರು ಮೇಡಂ.

ಯಜಮಾನರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರಿಗೆ ಈಗ ಕೆಮ್ಮು ಬರಲಿಲ್ಲ. ನನ್ನ ಕಡೆ ತಿರುಗಿ, "ಏನಾದ್ರೂ ಹೇಳಮ್ಮಾ, ನಿನ್ನ ಫ್ರೆಂಡ್ ಅಲ್ವಾ," ಎಂದು ಪಿಸುಗುಟ್ಟಿದರು. "ಕೇಳ್ತಿರೋದು ನಿಮ್ಮನ್ನ ಸಾರ್," ಎಂದೆ. ಮೇಡಂ ಫೋನು ಹಿಡಿದ ಕೈ ಇಳಿಸಲಿಲ್ಲ. ಫೋನಿನಲ್ಲಿ ಆ ತಾಯಿ ಕಾಯುತ್ತಿದ್ದರು. ಯಜಮಾನರ ಹಣೆಯಿಂದ ಬೆವರು ಇಳಿದು ಬಿಳಿ ಸಫಾರಿಯ ಕಾಲರಿಗೆ ತಾಗಿತು.

"ಬಿಸಿನೆಸ್ ಮೇಡಂ," ಎಂದರು ಕೊನೆಗೆ. "ಅಮ್ಮನಿಗೆ ಹೇಳಿ, ಅದು ಬರೀ ಬಿಸಿನೆಸ್. ಮನಸ್ಸಿನಲ್ಲಿ ಏನೂ ಇರಲಿಲ್ಲ."

ಮೇಡಂ ಅದನ್ನೂ ಚಾಚೂ ತಪ್ಪದೆ ತಿಳಿಸಿದರು. ಆ ಕಡೆಯಿಂದ ಒಂದು ಚಿಕ್ಕ ಮಾತು ಬಂತು. ಅದನ್ನು ಕೇಳಿದ್ದೇ ಮೂವರು ಹಿರಿಯರೂ ಎದ್ದು ನಿಂತು, ಬಟ್ಟೆಗೆ ಅಂಟಿದ್ದ ಧೂಳು ಕೊಡವಿಕೊಂಡು ಬಾಗಿಲ ಕಡೆ ಹೊರಟರು.

"ಏನಂದ್ರು? ಮೇಡಂ, ಅಮ್ಮ ಏನಂದ್ರು?" ಯಜಮಾನರು ಕುರ್ಚಿಯಿಂದ ಅರ್ಧ ಎದ್ದಿದ್ದರು.

ಮೇಡಂ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಕನ್ನಡದಲ್ಲೇ ಹೇಳಿದರು: "ಕೊಡಬೇಡ ಅಂದ್ರು, ಸಾರ್."